ಹಂಡೆಯಲ್ಲಿ ಹೂ, ಒರಳಲ್ಲಿ ಒಂದೆಲಗ: ಕೈತೋಟದ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಟ್ಟದಿಂದ ಇಳಿಸಿದ ಸಾಮಾನಿನ ಬಗ್ಗೆಯೇ. ಹಂಡೆ, ಒರಳು, ಗಾಡಿಚಕ್ರ, ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಎಲ್ಲವೂ ಅಂಗಳಕ್ಕೆ ಬಂದಿವೆ, ಎಲ್ಲದರಲ್ಲೂ ಹೂ ಬೇಕಾಗಿದೆ. ಓದುವ ಮುನ್ನ ಒಂದು ಮಾತು: ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಒಂದೇ ಸಲಹೆ ಎಲ್ಲ ಊರಿಗೂ ಹೊಂದುವುದಿಲ್ಲ. ಅರಸೀಕೆರೆ, ಕಡೂರಿನ ಕಡೆ ಗಿಡ ಒಣಗಿ ಸಾಯುತ್ತದೆ. ಕೊಪ್ಪ, ಮೂಡಿಗೆರೆ, ಸಕಲೇಶಪುರದಲ್ಲಿ ನೀರು ಹೆಚ್ಚಾಗಿ ಸಾಯುತ್ತದೆ. ಪತ್ರ ಯಾವ ಊರಿನದು ಎಂದು ನೋಡಿಕೊಂಡು ಉತ್ತರ ಓದಿ.

ಅಜ್ಜಿ ಕಾಲದ ತಾಮ್ರದ ಹಂಡೆಗೆ ಮಣ್ಣು ತುಂಬಿ ಪೆಟೂನಿಯ ನೆಟ್ಟಿದ್ದೇವೆ. ಮೊದಲ ತಿಂಗಳು ಚೆನ್ನಾಗಿತ್ತು. ಈಗ ಚಿಗುರೆಲ್ಲ ಹಳದಿ, ಬೆಳವಣಿಗೆ ನಿಂತಿದೆ. ಗೊಬ್ಬರ ಹಾಕಿದರೂ ಸುಧಾರಿಸುತ್ತಿಲ್ಲ. – ಮೂಡಿಗೆರೆ

ಗೊಬ್ಬರ ಹಾಕುವುದನ್ನು ಮೊದಲು ನಿಲ್ಲಿಸಿ. ಗಿಡವನ್ನು ಮಣ್ಣಿನ ಗಡ್ಡೆ ಸಮೇತ ಮೇಲೆತ್ತಿ ಬೇರು ನೋಡಿ. ಬೇರು ಕಪ್ಪಾಗಿ, ಲೋಳೆಯಾಗಿ, ಕೊಳೆತ ವಾಸನೆ ಬಂದರೆ ತೊಂದರೆ ನೀರಿನದು. ಬೇರು ಕಂದು ಬಣ್ಣಕ್ಕೆ ತಿರುಗಿ, ಮೊಂಡಾಗಿ, ಕವಲೊಡೆಯದೆ ನಿಂತಿದ್ದರೆ ತೊಂದರೆ ತಾಮ್ರದ್ದು. ನಿಮ್ಮ ಪತ್ರದಲ್ಲಿ ಹಳೆ ಎಲೆ ಹಸಿರಾಗಿದ್ದು ಚಿಗುರು ಮಾತ್ರ ಹಳದಿ ಎಂದಿರುವುದರಿಂದ ಎರಡನೆಯದರ ಅನುಮಾನವೇ ಹೆಚ್ಚು.

ಮಲೆನಾಡಿನ ಮಣ್ಣು ಹುಳಿ ಗುಣದ್ದು. ಅದರ ಜೊತೆ ಕೊಟ್ಟಿಗೆ ಗೊಬ್ಬರ, ರಾಸಾಯನಿಕ ಗೊಬ್ಬರದ ಲವಣ, ಸದಾ ತೇವ ಎಲ್ಲ ಸೇರಿದರೆ ಹಂಡೆಯ ಒಳಮೈಯಿಂದ ತಾಮ್ರ ಸ್ವಲ್ಪ ಸ್ವಲ್ಪವೇ ಕರಗಿ ಮಣ್ಣಿಗೆ ಇಳಿಯುತ್ತದೆ. ಗಿಡಕ್ಕೆ ತಾಮ್ರ ಬೇಕಾಗುವುದು ಅತಿ ಕಡಿಮೆ ಪ್ರಮಾಣದಲ್ಲಿ. ಹೆಚ್ಚಾದರೆ ಬೇರಿನ ತುದಿ ಸಾಯುತ್ತದೆ, ಕಬ್ಬಿಣದ ಅಂಶ ಹೀರುವುದು ನಿಲ್ಲುತ್ತದೆ, ಅದಕ್ಕೇ ಚಿಗುರು ಹಳದಿಯಾಗುತ್ತದೆ. ಒಳಗೆ ಕಲಾಯಿ ಇದ್ದರೆ ತುಸು ತಡವಾಗಬಹುದು. ಆದರೆ ನೀರು ಕಾಯಿಸಿದ ಹಂಡೆಗೆ ಸಾಮಾನ್ಯವಾಗಿ ಕಲಾಯಿ ಇರುವುದಿಲ್ಲ, ಇದ್ದರೂ ಸವೆದಿರುತ್ತದೆ.

ದಾರಿ ಸುಲಭ. ತಾಮ್ರ, ಹಿತ್ತಾಳೆ ಪಾತ್ರೆಗೆ ನೇರವಾಗಿ ಮಣ್ಣು ತುಂಬಬೇಡಿ, ತಳಕ್ಕೆ ತೂತನ್ನೂ ಕೊರೆಯಬೇಡಿ. ತೂತು ಬಿದ್ದ ಹಂಡೆಯನ್ನು ಗುಜರಿಯವನು ತೂಕಕ್ಕಷ್ಟೇ ಕೊಳ್ಳುತ್ತಾನೆ. ಹಂಡೆಯ ಬಾಯಿ 12 ಇಂಚು ಇದ್ದರೆ 10 ಇಂಚಿನ ನರ್ಸರಿ ಕುಂಡ ತನ್ನಿ. ಹಂಡೆಯ ತಳಕ್ಕೆ 2–3 ಇಂಚು ಜಲ್ಲಿ ಹರಡಿ, ಅದರ ಮೇಲೆ ಒಂದು ಹಳೆ ಪ್ಲಾಸ್ಟಿಕ್ ಕುಂಡ ಬೋರಲು ಹಾಕಿ, ಅದರ ಮೇಲೆ ಗಿಡದ ಕುಂಡ ಕೂರಿಸಿ. ಕುಂಡದ ಅಂಚು ಹಂಡೆಯ ಅಂಚಿಗಿಂತ ಅರ್ಧ ಇಂಚು ಕೆಳಗಿದ್ದರೆ ಪ್ಲಾಸ್ಟಿಕ್ ಕಾಣುವುದಿಲ್ಲ. ಸೋರಿದ ನೀರು ಜಲ್ಲಿಯಲ್ಲಿ ಉಳಿಯುತ್ತದೆ, ಬೇರಿಗೆ ತಾಗುವುದಿಲ್ಲ. ವಾರಕ್ಕೊಮ್ಮೆ ಕುಂಡ ಎತ್ತಿ ಆ ನೀರನ್ನು ಚೆಲ್ಲಿ. ಮಳೆಗಾಲದಲ್ಲಿ ಹಂಡೆಯನ್ನು ಸೂರಿನ ಕೆಳಗೆ ಸರಿಸಲೇಬೇಕು, ಇಲ್ಲದಿದ್ದರೆ ಒಂದೇ ಮಳೆಗೆ ತುಂಬುತ್ತದೆ.

ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ್ದೀರಿ ಎಂದೂ ಬರೆದಿದ್ದೀರಿ. ತೋಟದಲ್ಲಿ ಆ ಹೊಳಪು ಹೆಚ್ಚು ದಿನ ಉಳಿಯುವುದಿಲ್ಲ, ಮತ್ತೆ ಮತ್ತೆ ಉಜ್ಜಿದರೆ ಲೋಹ ಸವೆಯುತ್ತದೆ. ಹೊರಗಿನ ಕಂದು ಬಣ್ಣ, ಬೆಂಕಿ ತಾಗಿದ ತಳದ ಮಸಿ ಇವೇ ಹಳೆಯ ಚೆಲುವು. ನೇರಳೆ ಪೆಟೂನಿಯ ಅದರ ಮುಂದೆ ಎದ್ದು ಕಾಣುತ್ತದೆ.

ಈಗಿನ ಗಿಡ ಉಳಿಸಬೇಕೆಂದರೆ ಬೇರಿನ ಹಳೆ ಮಣ್ಣನ್ನು ನೀರಿನಲ್ಲಿ ತೊಳೆದು, ಹೊಸ ಮಿಶ್ರಣದಲ್ಲಿ (2 ಪಾಲು ಕೆಂಪು ಮಣ್ಣು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ದಪ್ಪ ಮರಳು) ನೆಟ್ಟು, ಗಿಡದ ಮೂರನೇ ಒಂದು ಭಾಗ ಕತ್ತರಿಸಿ, ವಾರ ನೆರಳಲ್ಲಿಡಿ. ಹಂಡೆಯ ಹಳೆ ಮಣ್ಣನ್ನು ತರಕಾರಿ ಪಾತಿಗೆ ಸುರಿಯಬೇಡಿ.

ವರಾಂಡದ ಮುಂದೆ ಹಳೆ ಲಾಟೀನುಗಳಿಗೆ ಹಳದಿ ಎಲ್‌ಇಡಿ ಬಲ್ಬ್ ಹಾಕಿ ನೇತುಹಾಕಿದ್ದೇವೆ. ಅದರ ಕೆಳಗಿನ ಸೇವಂತಿಗೆ ಕುಂಡಗಳು ಸೊಂಪಾಗಿ ಬೆಳೆದಿವೆ, ಡಿಸೆಂಬರ್ ಬಂದರೂ ಮೊಗ್ಗಿಲ್ಲ. ಹಿತ್ತಿಲಲ್ಲಿರುವ ಅದೇ ಜಾತಿಯ ಗಿಡ ಹೂ ತುಂಬಿ ನಿಂತಿದೆ. – ಹಾಸನ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸೇವಂತಿಗೆಗೆ ರಾತ್ರಿ ಉದ್ದವಾಗಬೇಕು, ಆ ಕತ್ತಲೆ ನಡುವೆ ಮುರಿಯಬಾರದು. ದಿನ ಚಿಕ್ಕದಾಗುತ್ತ ಬಂದಾಗ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಲಾಟೀನಿನ ಬಲ್ಬ್ ರಾತ್ರಿ ಹತ್ತು, ಹನ್ನೊಂದರವರೆಗೆ ಉರಿದರೆ ಗಿಡದ ಲೆಕ್ಕದಲ್ಲಿ ಹಗಲು ಇನ್ನೂ ಮುಗಿದಿಲ್ಲ. ಹಳದಿ ಬಲ್ಬಿನಲ್ಲಿ ಕೆಂಪು ಬೆಳಕಿನ ಅಂಶ ಹೆಚ್ಚು, ಮೊಗ್ಗನ್ನು ತಡೆಯುವುದರಲ್ಲಿ ಆ ಬೆಳಕಿನದೇ ಮೇಲುಗೈ. ಸೇವಂತಿಗೆ ಬೆಳೆಗಾರರು ಕಡ್ಡಿ ಉದ್ದವಾಗಲೆಂದು ಹೊಲದಲ್ಲಿ ರಾತ್ರಿ ಸಾಲಾಗಿ ಬಲ್ಬ್ ಉರಿಸುವುದನ್ನು ನೋಡಿರಬಹುದು. ಅವರು ಬೇಕೆಂದೇ ಮಾಡುವ ಕೆಲಸ ನಿಮ್ಮಲ್ಲಿ ಬೇಡದೆ ಆಗಿದೆ.

ಇವತ್ತೇ ಕುಂಡಗಳನ್ನು ಬೀದಿದೀಪವೂ ಬೀಳದ ಜಾಗಕ್ಕೆ ಒಯ್ಯಿರಿ. ಮೊಗ್ಗು ಕಾಣಲು ಮೂರು ನಾಲ್ಕು ವಾರ, ಹೂ ಬಿರಿಯಲು ಇನ್ನೂ ನಾಲ್ಕೈದು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಫೆಬ್ರವರಿ ಬರುತ್ತದೆ, ಹೂ ಸ್ವಲ್ಪ ಚಿಕ್ಕದೇ. ಹೂ ಬಣ್ಣ ತೋರಿದ ಮೇಲೆ ಲಾಟೀನಿನ ಕೆಳಗೆ ತಂದಿಟ್ಟರೆ ತೊಂದರೆಯಿಲ್ಲ, ಆಗ ಬೆಳಕು ಏನೂ ಮಾಡುವುದಿಲ್ಲ.

ಮುಂದಿನ ವರ್ಷಕ್ಕೆ: ಹೂ ಮುಗಿದ ಮೇಲೆ ಬುಡದಿಂದ ನಾಲ್ಕು ಇಂಚು ಬಿಟ್ಟು ಸವರಿ. ಬುಡದಿಂದ ಬರುವ ಮರಿಗಳನ್ನು ಜೂನ್–ಜುಲೈನಲ್ಲಿ ಬಿಡಿಸಿ, ಒಂದು 8 ಇಂಚಿನ ಕುಂಡಕ್ಕೆ ಒಂದರಂತೆ ನೆಡಿ. ನೆಟ್ಟ ನಾಲ್ಕನೇ ವಾರಕ್ಕೊಮ್ಮೆ, ಏಳನೇ ವಾರಕ್ಕೊಮ್ಮೆ ಕುಡಿ ಚಿವುಟಿ. ಸೆಪ್ಟೆಂಬರ್ ಮೊದಲ ವಾರದ ನಂತರ ಚಿವುಟಬೇಡಿ, ಕೈಗೆ ಬರುವುದು ಮೊಗ್ಗಿನ ಕುಡಿಯೇ ಆಗಿರುತ್ತದೆ. ಲಾಟೀನಿನ ಕೆಳಗೇ ವರ್ಷವಿಡೀ ಹೂ ಬೇಕೆಂದರೆ ಬಿಗೋನಿಯ ಇಡಿ, ಮೇಣದಂಥ ಎಲೆಯ ಆ ಸಣ್ಣ ಜಾತಿ ರಾತ್ರಿಯ ಲೆಕ್ಕ ನೋಡುವುದಿಲ್ಲ.

ಅಂಗಳದ ಮೂಲೆಯಲ್ಲಿರುವ ಹಳೆ ಒರಳುಕಲ್ಲಿಗೆ ನೀರು ತುಂಬಿ ಹೂ ತೇಲಿಬಿಡುತ್ತೇವೆ. ಸೊಳ್ಳೆ ಹುಳು ಕಾಣಿಸುತ್ತಿದೆ. – ಸಕಲೇಶಪುರ

ಬರೀ ನೀರು ಬದಲಿಸಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆ ನೀರಿನ ಮಟ್ಟಕ್ಕೆ ತುಸು ಮೇಲೆ ಕಲ್ಲಿನ ಮೈಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ಸಾಯುವುದಿಲ್ಲ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ಐದಾರು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಗುಳಿಯ ಒಳಮೈಯನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ. ಅಷ್ಟು ಬಿಡುವಿಲ್ಲದವರಿಗೆ ಬೇರೆ ದಾರಿ ಇದೆ: ಗುಳಿಗೆ ಹೊಲದ ಜೇಡಿ ಮಣ್ಣು ತುಂಬಿ ಒಂದೆಲಗ ನೆಡಿ. ತೂತಿಲ್ಲದಿರುವುದು ಅದಕ್ಕೆ ಅನುಕೂಲವೇ, ಸದಾ ತೇವ ಬೇಡುವ ಸೊಪ್ಪು. ಒರಳಿನ ಅಂಚಿನಿಂದ ಇಳಿಬಿದ್ದು ಚೆನ್ನಾಗಿ ಕಾಣುತ್ತದೆ, ತಂಬುಳಿಗೂ ಆಯಿತು. ಮಣ್ಣಿನ ಮೇಲೆ ನೀರು ನಿಲ್ಲದಂತೆ ಅಂಚಿನವರೆಗೆ ಮಣ್ಣು ತುಂಬಿರಲಿ.

ತೂತು ಬೇಕೇ ಬೇಕೆಂದರೆ ಡೈಮಂಡ್ ಬಿಟ್ ಹಾಕಿ, ನೀರು ಬಿಡುತ್ತ ನಿಧಾನ ಕೊರೆಸಿ. ಡ್ರಿಲ್ಲನ್ನು ಹ್ಯಾಮರ್ ಮೋಡಿಗೆ ಹಾಕಿದರೆ ರುಬ್ಬಿ ರುಬ್ಬಿ ತೆಳುವಾದ ತಳ ಸೀಳುತ್ತದೆ.

ಪ್ರತಿ ವರ್ಷ ಡೇರೆ (ಡೇಲಿಯ) ಗಡ್ಡೆ ನೆಡುತ್ತೇವೆ, ಅರ್ಧದಷ್ಟು ಮೊಳಕೆಯೇ ಬರುವುದಿಲ್ಲ. ಬಂದ ಗಿಡಗಳೂ ಆಟಿ ಮಳೆಗೆ ಅಡ್ಡ ಬೀಳುತ್ತವೆ. ಹಳೆ ಹಾಲಿನ ಕ್ಯಾನು, ಬಣ್ಣ ಮಾಸಿದ ಟ್ರಂಕಿನಲ್ಲಿ ಬೆಳೆಯಬಹುದೇ? – ಕೊಪ್ಪ

ಮೊಳಕೆ ಬಾರದ ಗಡ್ಡೆಗಳನ್ನು ಅಗೆದು ನೋಡಿ. ಬಹುಪಾಲು ಗಡ್ಡೆಗೆ ಕೊರಳೇ ಇರುವುದಿಲ್ಲ. ಗೆಣಸಿನಂತೆ ಎಲ್ಲಿಂದಲಾದರೂ ಚಿಗುರಲು ಡೇರೆ ಗಡ್ಡೆಗೆ ಬರುವುದಿಲ್ಲ. ಕಣ್ಣಿರುವುದು ಗಡ್ಡೆಯ ಮೈಮೇಲಲ್ಲ, ಹಳೆ ಕಾಂಡ ಸೇರುವ ಕೊರಳಿನ ಭಾಗದಲ್ಲಿ. ಗೊಂಚಲನ್ನು ಕೈಯಲ್ಲಿ ಮುರಿದಾಗ ಗಡ್ಡೆ ಬರುತ್ತದೆ, ಕಣ್ಣು ಕಾಂಡದಲ್ಲೇ ಉಳಿಯುತ್ತದೆ. ಪ್ರತಿ ಗಡ್ಡೆಗೂ ಹಳೆ ಕಾಂಡದ ಚೂರು ಅಂಟಿರುವಂತೆ ಹರಿತವಾದ ಚಾಕುವಿನಿಂದ ಸೀಳಿ, ಗಾಯಕ್ಕೆ ಒಲೆಬೂದಿ ಸವರಿ ಎರಡು ದಿನ ನೆರಳಲ್ಲಿ ಒಣಗಿಸಿ. ಕಣ್ಣು ಕಾಣುತ್ತಿಲ್ಲವೆಂದರೆ ಸೀಳಲು ಅವಸರ ಬೇಡ. ಏಪ್ರಿಲ್‌ನಲ್ಲಿ ಇಡೀ ಗೊಂಚಲನ್ನು ತೇವದ ಮರಳಲ್ಲಿ ಎರಡು ವಾರ ಇಟ್ಟರೆ ಕಣ್ಣು ಕೆಂಪಗೆ ಉಬ್ಬಿ ಕಾಣುತ್ತದೆ, ಆಮೇಲೆ ಸೀಳಿ.

ನೆಡುವ ಕಾಲ: ಮಳೆಗೆ ಮುನ್ನ, ಮೇ ಹೊತ್ತಿಗೆ. ನಾಲ್ಕು ಇಂಚು ಆಳ, ಗಡ್ಡೆ ಅಡ್ಡ ಮಲಗಿರಲಿ, ಕಣ್ಣು ಮೇಲಕ್ಕೆ. ಚಿಗುರು ಹೊರಬರುವವರೆಗೆ ನೀರು ಬಲು ಕಡಿಮೆ ಸಾಕು. ಬೇರಿಲ್ಲದ ಗಡ್ಡೆ ನೀರು ಹೀರಲಾರದು, ಕೊಳೆಯುತ್ತದೆ. ಜೂನ್ ಮಳೆ ಹಿಡಿದ ಮೇಲೆ ನೆಟ್ಟವರ ಗಡ್ಡೆ ಹೋಗುವುದು ಹೀಗೆಯೇ.

ಅಡ್ಡ ಬೀಳುವುದಕ್ಕೆ ಎರಡು ಕಾರಣ. ಊರುಗೋಲನ್ನು ಗಿಡ ಬಾಗಿದ ಮೇಲೆ ಚುಚ್ಚುತ್ತೀರಿ, ಆಗ ಗಡ್ಡೆಯೂ ತೂತಾಗುತ್ತದೆ. ನೆಡುವ ದಿನವೇ ನಾಲ್ಕಡಿ ಬಿದಿರ ಕೋಲು ಹುಗಿದು, ಅದರಿಂದ ಎರಡು ಇಂಚು ದೂರದಲ್ಲಿ ಗಡ್ಡೆ ಇಡಿ. ಎರಡನೆಯದು, ಕುಡಿ ಚಿವುಟದಿರುವುದು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಗಿಡ ಗಿಡ್ಡವಾಗಿ ಕವಲೊಡೆಯುತ್ತದೆ. ತಟ್ಟೆಯಗಲದ ಹೂ ಮಳೆನೀರು ತುಂಬಿಕೊಂಡು ಕತ್ತು ಮುರಿಯುತ್ತದೆ. ತೆರೆದ ಅಂಗಳಕ್ಕೆ ಚೆಂಡಿನಾಕಾರದ ಸಣ್ಣ ಹೂವಿನ ಜಾತಿಗಳೇ ಲೇಸು, ದೊಡ್ಡವು ಸೂರಿನ ಕೆಳಗಿರಲಿ.

ಹಾಲಿನ ಕ್ಯಾನು ಡೇರೆಗೆ ಬೇಡ. ಬಾಯಿ ಕಿರಿದು, ವರ್ಷದ ಕೊನೆಗೆ ಗಡ್ಡೆ ಗೊಂಚಲು ಹೊರಬರುವುದಿಲ್ಲ. ಕ್ಯಾನಿನ ಬಾಯಿಗೆ 6 ಇಂಚಿನ ಕುಂಡ ಸಿಕ್ಕಿಸಿ ಇಳಿಬೀಳುವ ಗಿಡ ಬೆಳೆಸಿ. ಟ್ರಂಕು ಮಾತ್ರ ಡೇರೆಗೆ ಹೇಳಿ ಮಾಡಿಸಿದ್ದು: ಒಂದು ಅಡಿ ಆಳ, ಅಗಲ ಬಾಯಿ. ತಳಕ್ಕೆ 10 ಮಿ.ಮೀ.ನ ಎಂಟು ಹತ್ತು ತೂತು ಕೊರೆಯಿರಿ. ತೂತು ಒಳಗಿನಿಂದ ಹೊರಕ್ಕೆ ಬೀಳಲಿ, ಆಗ ತಗಡಿನ ಅಂಚು ಕೆಳಕ್ಕೆ ಬಾಗಿ ನೀರು ಸರಾಗ ಇಳಿಯುತ್ತದೆ. ಹೊರಗಿನಿಂದ ಕೊರೆದರೆ ಒಳಗೆ ಅಂಚು ಎದ್ದು ನೀರು ನಿಲ್ಲುತ್ತದೆ. ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಮುಚ್ಚಳವನ್ನು ತಂತಿಯಿಂದ ಹಿಂದಕ್ಕೆ ಕಟ್ಟಿ. ಮಳೆಗಾಲದ ಗಾಳಿಗೆ ಅದು ದಬಕ್ಕನೆ ಮುಚ್ಚಿ ಗಿಡ ಕತ್ತರಿಸಿದ್ದುಂಟು.

ತಳಕ್ಕೆ ಹೆಂಚಿನ ಚೂರು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಆಗುವುದು ತಿರುಗುಮುರುಗು. ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಚೂರಿನ ಪದರಕ್ಕೆ ಇಳಿಯುವುದಿಲ್ಲ, ಹಸಿ ಮಣ್ಣು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೊಂದು ಚೂರು ಅಥವಾ ಸೊಳ್ಳೆಪರದೆಯ ತುಂಡು ಸಾಕು, ಉಳಿದದ್ದೆಲ್ಲ ಮಣ್ಣೇ ಇರಲಿ. ಮಲೆನಾಡಿನ ಕುಂಡಕ್ಕೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕಡಿಮೆ ಮಾಡಿ, ಬದಲಿಗೆ ಸುಟ್ಟ ಭತ್ತದ ಹೊಟ್ಟು ಸೇರಿಸಿ.

ಹೂ ಮುಗಿದು ಕಾಂಡ ಕಂದಿದ ಮೇಲೆ, ನವೆಂಬರ್–ಡಿಸೆಂಬರ್‌ನಲ್ಲಿ ಗಡ್ಡೆ ಎತ್ತಿ. ಕಾಂಡ ನಾಲ್ಕು ಇಂಚು ಉಳಿಸಿ, ಒಣ ಮರಳಿನ ಪೆಟ್ಟಿಗೆಯಲ್ಲಿ ಅಟ್ಟದ ತಂಪು ಮೂಲೆಯಲ್ಲಿಡಿ. ಅಡುಗೆಮನೆಯ ಹೊಗೆ ಅಟ್ಟದಲ್ಲಿಟ್ಟರೆ ಸುಕ್ಕಾಗುತ್ತದೆ.

ಬಾಗಿಲ ಬಳಿ ನೆಟ್ಟ ಹೈಡ್ರಾಂಜಿಯ ಮೊದಲು ನೀಲಿ ಬಿಡುತ್ತಿತ್ತು, ಈಗ ಮಾಸಲು ಗುಲಾಬಿ. ಗಿಡ ಬದಲಾಯಿತೇ? – ಚಿಕ್ಕಮಗಳೂರು

ಬದಲಾದದ್ದು ಮಣ್ಣು. ಹುಳಿ ಮಣ್ಣಿನಲ್ಲಿ, ಅಂದರೆ ಪಿಎಚ್ 5.5ಕ್ಕಿಂತ ಕಡಿಮೆ ಇದ್ದಾಗ, ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಪಿಎಚ್ 6.5 ದಾಟಿದರೆ ಗುಲಾಬಿ. ನಡುವೆ ಇದ್ದರೆ ನೀವು ಹೇಳಿದ ಮಾಸಲು ಬಣ್ಣ. ಹೊಸದಾಗಿ ಗಾರೆ ಮಾಡಿದ ಗೋಡೆ, ಸಿಮೆಂಟ್ ಕಟ್ಟೆ, ಕಾಫಿ ಗಿಡಕ್ಕೆ ಹಾಕಿ ಉಳಿದ ಸುಣ್ಣ, ಕೊಳವೆಬಾವಿಯ ಗಡಸು ನೀರು ಇವುಗಳಲ್ಲಿ ಯಾವುದೋ ಒಂದು ಬುಡ ಸೇರಿದೆ. ಪಟಿಕ ಲೀಟರಿಗೆ 5 ಗ್ರಾಂ ಕರಗಿಸಿ, ಮೊದಲೇ ತೇವವಾದ ಮಣ್ಣಿಗೆ ಹದಿನೈದು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಹಾಕಿ. ಫೆಬ್ರವರಿಯಲ್ಲೇ ಶುರು ಮಾಡಿ, ಮೊಗ್ಗು ಬಂದ ಮೇಲೆ ಹಾಕಿದ್ದು ಈ ವರ್ಷದ ಬಣ್ಣಕ್ಕೆ ಉಪಯೋಗವಿಲ್ಲ. ಸವರುವುದು ಹೂ ಮುಗಿದ ತಕ್ಷಣ. ಚಳಿಗಾಲದ ಕೊನೆಗೆ ಸವರಿದರೆ ಮೊಗ್ಗಿರುವ ಕಡ್ಡಿಯೇ ಹೋಗುತ್ತದೆ, ಆಮೇಲೆ ಹೂ ಯಾಕೆ ಬರಲಿಲ್ಲ ಎಂದು ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.

ಗದ್ದೆ ಸಮ ಮಾಡುವಾಗ ಕೆತ್ತನೆಯ ಕಲ್ಲೊಂದು ಸಿಕ್ಕಿದೆ. ಮೂರು ಪಟ್ಟಿಯಲ್ಲಿ ಬಿಲ್ಲು ಹಿಡಿದವನ ಚಿತ್ರ, ಮೇಲೆ ಲಿಂಗ. ತೋಟದ ನಡುವೆ ನಿಲ್ಲಿಸಿ ಸುತ್ತ ಹೂ ಹಾಕಬೇಕೆಂದಿದ್ದೇವೆ. – ಹಳೇಬೀಡು ಸಮೀಪ

ವಿವರ ನೋಡಿದರೆ ವೀರಗಲ್ಲು. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸಾನ್ನಿಧ್ಯ ಎಂಬುದು ಅದರ ಸಾಮಾನ್ಯ ಕ್ರಮ. ಇದನ್ನು ತೋಟದ ಅಲಂಕಾರಕ್ಕೆ ಬಳಸಬೇಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾವಸ್ತು, ಅದನ್ನು ಮಾರಲು, ಸಾಗಿಸಲು ನಿರ್ಬಂಧಗಳಿವೆ. ಕಲ್ಲನ್ನು ಸಿಕ್ಕಿದ ಜಾಗದಲ್ಲೇ ಬಿಟ್ಟು, ಪೋಟೊ ತೆಗೆದು, ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ಬರೆದು ತಿಳಿಸಿ. ಪಟ್ಟಿಗಳ ನಡುವೆ ಅಕ್ಷರ ಇದ್ದರಂತೂ ಆಸಿಡ್, ತಂತಿ ಬ್ರಷ್, ಸುಣ್ಣ, ಎಣ್ಣೆ ಏನನ್ನೂ ತಾಗಿಸಬೇಡಿ. ಬಳಪದ ಕಲ್ಲಾದರೆ ಉಗುರಿಗೂ ಗೀರು ಬೀಳುತ್ತದೆ. ಕಲ್ಲು ಸಿಕ್ಕ ಆಳ, ಮುಖ ಯಾವ ದಿಕ್ಕಿಗಿತ್ತು ಎಂಬುದನ್ನೂ ಬರೆದಿಡಿ, ಓದುವವರಿಗೆ ಅದು ಬೇಕಾಗುತ್ತದೆ.

ತೋಟದ ನಡುವೆ ಕಲ್ಲೇ ಬೇಕೆಂದರೆ ಬೀಸುಕಲ್ಲು, ಸೈಜುಗಲ್ಲು, ದನ ನೀರು ಕುಡಿಯುತ್ತಿದ್ದ ಕಲ್ಲುಬಾನಿ ಹಳ್ಳಿಗಳಲ್ಲಿ ಧಾರಾಳ ಸಿಗುತ್ತವೆ. ಹೊಸದಾಗಿ ಕೆತ್ತಿಸಿಕೊಳ್ಳಲೂ ಅಡ್ಡಿಯಿಲ್ಲ.

ಗಾಡಿಚಕ್ರಕ್ಕೆ ಬಳ್ಳಿ ಹಬ್ಬಿಸಬೇಕು. ಬಿಸಿಲು ಜೋರು, ನೀರು ವಾರಕ್ಕೆರಡು ಸಲ. ಚಕ್ರದ ಕಬ್ಬಿಣದ ಪಟ್ಟಿಯೂ ಕಳಚಿ ಬರುತ್ತಿದೆ. – ಅರಸೀಕೆರೆ

ಪಟ್ಟಿಯನ್ನು ಕಾಯಿಸಿ ಹಾಕಿ, ತಣಿದು ಬಿಗಿಯಾಗುವಂತೆ ಮಾಡಿರುತ್ತಾರೆ. ಮರ ಒಣಗಿ ಕುಗ್ಗಿದಾಗ ಸಡಿಲವಾಗುವುದು ಸಹಜ. ಗಾಡಿ ಓಡುತ್ತಿದ್ದ ಕಾಲದಲ್ಲಿ ಬೇಸಿಗೆಯಲ್ಲಿ ಚಕ್ರವನ್ನು ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ಅಲಂಕಾರಕ್ಕೆ ಅಷ್ಟು ಬೇಡ. ಪಟ್ಟಿಯಲ್ಲಿ ಆರು ಕಡೆ ತೂತು ಕೊರೆದು ಒಂದೂವರೆ ಇಂಚಿನ ಸ್ಕ್ರೂ ಬಿಗಿಯಿರಿ, ಸಂದಿಗೆ ಬಿದಿರಿನ ಬೆಣೆ ಹೊಡೆಯಿರಿ.

ಗೆದ್ದಲು ಬರುವುದು ಮಣ್ಣಿಗೆ ತಾಗಿದ ಜಾಗದಿಂದ. ಚಕ್ರದ ಕೆಳಗೆ ಆರು ಇಂಚಿನ ಸೈಜುಗಲ್ಲು ಕೊಟ್ಟು ಗೋಡೆಗೆ ಓರೆಯಾಗಿ ನಿಲ್ಲಿಸಿ, ಚಕ್ರದ ನಡುವಿನ ಗುಂಬವನ್ನು ಗೋಡೆಯ ಕೊಕ್ಕೆಗೆ ತಂತಿಯಿಂದ ಕಟ್ಟಿ. ಚಕ್ರ ಮಣಭಾರ, ಮಕ್ಕಳು ಹತ್ತಿ ತೂಗಿದರೆ ಉರುಳುತ್ತದೆ. ಕಾಯಿಸಿದ ಅಗಸೆ ಎಣ್ಣೆ ಮೊದಲ ಸಲ ಸಮಪಾಲು ಟರ್ಪೆಂಟೈನ್ ಬೆರೆಸಿ, ಎರಡು ದಿನ ಬಿಟ್ಟು ಏನೂ ಬೆರೆಸದೆ ಒಂದು ಕೈ ಬಳಿಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹರಡಿ ಒಣಗಿಸಿ. ಗೇರು ಎಣ್ಣೆಯೂ ಆಗುತ್ತದೆ, ಕೈಗವಸು ಹಾಕದೆ ಮುಟ್ಟಿದರೆ ಚರ್ಮ ಸುಡುತ್ತದೆ, ಚಕ್ರವೂ ಕಪ್ಪಾಗುತ್ತದೆ.

ಬಳ್ಳಿ ಹಗುರದ್ದಿರಲಿ: ಶಂಖಪುಷ್ಪ, ಕಾಮಲತೆ. ಚಕ್ರದ ಕಡ್ಡಿ ಕಾಣದಂತೆ ಹಬ್ಬಿದರೆ ಚಕ್ರ ಯಾಕೆ ಬೇಕು? ಅರ್ಧ ಮಾತ್ರ ಹಬ್ಬಿಸಿ. ಬುಡದ ಪಾತಿಗೆ ಪೋರ್ಚುಲಕ, ಸದಾಪುಷ್ಪ, ಕೋಳಿಜುಟ್ಟು. ಪಕ್ಕದಲ್ಲಿ ಕಾಗದದ ಹೂ ಇದ್ದರೆ ಫೆಬ್ರವರಿಯಿಂದ ನೀರು ಕಡಿಮೆ ಮಾಡಿ, ಎಲೆ ತುಸು ಬಾಡುವವರೆಗೆ ಕಾದು ನೀರು ಕೊಡಿ. ದಿನಾ ನೀರು, ಯೂರಿಯಾ ಕೊಟ್ಟರೆ ಎಲೆಯೇ ಬರುತ್ತದೆ. ತೆಂಗಿನ ಸೀಮೆಯವರು ಸಿಪ್ಪೆಗೆ ಪರದಾಡಬೇಕಿಲ್ಲ. ಪಾತಿಯ ತಳದಲ್ಲಿ ಒಂದಡಿ ಆಳಕ್ಕೆ ಸಿಪ್ಪೆಗಳನ್ನು ಒಳಮೈ ಮೇಲಾಗಿ ಎರಡು ಸಾಲು ಜೋಡಿಸಿ, ಮಣ್ಣು ಮುಚ್ಚಿ ನೆಟ್ಟರೆ ವಾರಕ್ಕೆರಡು ನೀರು ಧಾರಾಳವಾಗಿ ಸಾಕು.

ತಾತನ ಕೈ ಪಲ್ಪರ್ ತುಕ್ಕು ಹಿಡಿದಿದೆ. ಬಣ್ಣ ಹಚ್ಚಿ ಗೇಟಿನ ಬಳಿ ಇಡೋಣವೇ? – ಬಾಳೆಹೊನ್ನೂರು

ಇಡಿ, ಆದರೆ ಬಣ್ಣ ಹಚ್ಚುವ ಕೆಲಸ ಜನವರಿ–ಮಾರ್ಚ್‌ನಲ್ಲಿ ಮುಗಿಯಲಿ. ಗಾಳಿಯಲ್ಲಿ ತೇವ ಇರುವಾಗ ಹಚ್ಚಿದ ಬಣ್ಣ ಮುಂದಿನ ಮಳೆಗೆ ಗುಳ್ಳೆಯೆದ್ದು ಸಿಪ್ಪೆ ಏಳುತ್ತದೆ. ಹಳೆ ಗ್ರೀಸನ್ನು ಸೀಮೆಎಣ್ಣೆಯಿಂದ ಒರೆಸಿ, ತಂತಿ ಬ್ರಷ್, ಆಮೇಲೆ 80, 120ನೇ ನಂಬರಿನ ಎಮರಿ ಕಾಗದ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ. ತಯಾರಕರ ಹಿತ್ತಾಳೆ ಫಲಕಕ್ಕೆ ಟೇಪ್ ಅಂಟಿಸಿ ಬಿಡಿ, ಅದರ ಮೇಲೆ ಬಣ್ಣ ಬಿದ್ದರೆ ಯಂತ್ರದ ಅರ್ಧ ಬೆಲೆ ಹೋಯಿತು. ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೈ, ಒಂದೊಂದಕ್ಕೂ 24 ಗಂಟೆ ಬಿಡುವು, ಮೇಲೆ ಕಡುಹಸಿರು ಅಥವಾ ಕಪ್ಪು ಎನಾಮೆಲ್ ಎರಡು ಕೈ. ಬಂಗಾರದ ಬಣ್ಣ ದಯವಿಟ್ಟು ಬೇಡ.

ಉರುಳೆಯ ತಾಮ್ರದ ತಗಡು ಕಬ್ಬಿಣಕ್ಕೆ ತಾಗಿರುವೆಡೆ ತೇವ ನಿಂತರೆ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಆದ್ದರಿಂದ ತೆರೆದ ಗೇಟಿಗಿಂತ ಗೇಟಿನ ಮಾಡಿನ ಕೆಳಗೆ ಇಡುವುದೇ ಸರಿ. ಹಣ್ಣು ಸುರಿಯುವ ಬಾಯಿಗೆ 6 ಇಂಚಿನ ಕುಂಡ ಇಟ್ಟು ಸ್ಪೈಡರ್ ಪ್ಲಾಂಟ್ ಇಳಿಬಿಡಿ, ನೀರು ಹಾಕುವಾಗ ಕುಂಡವನ್ನು ಹೊರಗೆ ತೆಗೆಯಿರಿ.

ನಮ್ಮದು ಹೋಂಸ್ಟೇ. ಹಳೆ ಸಾಮಾನು ತುಂಬಾ ಇದೆ. ವರ್ಷವಿಡೀ ಹೂ ಕಾಣಬೇಕು, ಮಾಲಿ ಒಬ್ಬನೇ. – ಮಲ್ಲಂದೂರು

ಸಾಮಾನು ತುಂಬಾ ಇರುವುದೇ ತೊಂದರೆ. ಪೋಟೊದಲ್ಲಿ ಒಂದೇ ಮೂಲೆಯಲ್ಲಿ ಹೊಲಿಗೆ ಯಂತ್ರದ ಕಾಲು, ಸೈಕಲ್, ಗ್ರಾಮೊಫೋನ್ ಡಬ್ಬಿ, ಮೂರು ಲಾಟೀನು, ನೊಗ ಕಾಣುತ್ತಿವೆ. ಹೂವಿಗೆ ಜಾಗವೇ ಇಲ್ಲ, ಗುಜರಿ ಅಂಗಡಿಯ ಮುಂಬಾಗಿಲಿನಂತಿದೆ. ಒಂದು ಕಡೆ ನಿಂತರೆ ಒಂದೇ ಹಳೆ ವಸ್ತು ಕಣ್ಣಿಗೆ ಬೀಳಲಿ. ಸೈಕಲ್ ಅಲ್ಲಿ ಹೊಂದುವುದೇ ಇಲ್ಲ, ತೆಗೆದುಬಿಡಿ. ಹೊಲಿಗೆ ಯಂತ್ರದ ಕಾಲಿನ ಮೇಲೆ ಕಡಪ ಕಲ್ಲು ಕೂರಿಸಿ ಮೆಟ್ಟಿಲ ಬಳಿ ಇಡಿ, ನೊಗ ವರಾಂಡದ ತೊಲೆಗೆ ಹೋಗಲಿ.

ವರ್ಷವಿಡೀ ಹೂವಿಗೆ ಹಳೆ ಪಾತ್ರೆಯಲ್ಲಿ ಗಿಡ ನೆಡದೆ, ಗಿಡದ ಕುಂಡವನ್ನು ಅದಲುಬದಲು ಮಾಡುವುದೇ ದಾರಿ. ಎಲ್ಲ ಪಾತ್ರೆಗೂ ಹೊಂದುವಂತೆ ಒಂದೇ ಅಳತೆಯ, 8 ಇಂಚಿನ ಕುಂಡಗಳನ್ನು ತನ್ನಿ. ಮುಂದೆ ಹನ್ನೆರಡು ಪಾತ್ರೆ ಇದ್ದರೆ ಒಟ್ಟು ಮೂವತ್ತು ಕುಂಡ ಬೇಕು. ಉಳಿದ ಹದಿನೆಂಟು ಹಿತ್ತಿಲಲ್ಲಿ ಬೆಳೆಯುತ್ತಿರುತ್ತವೆ. ಮೊಗ್ಗಿನಲ್ಲಿ ಮೂರನೇ ಒಂದು ಭಾಗ ಅರಳಿದಾಗ ಮುಂದಕ್ಕೆ ತನ್ನಿ.

ಮಳೆಗಾಲಕ್ಕೆ ಡೇರೆ, ಬಾಲ್ಸಂ, ಟೊರೇನಿಯ, ಬಿಗೋನಿಯ, ಇವೂ ಸೂರಿನಂಚಿನಲ್ಲೇ. ದಸರಾ, ದೀಪಾವಳಿಗೆ ಚೆಂಡು ಹೂ ಬೇಕೆಂದರೆ ಜುಲೈ ಕೊನೆಯಲ್ಲಿ ಮಾಡಿನ ಕೆಳಗೆ ಬಿತ್ತಿ; ಬಿತ್ತಿದ ಎರಡು, ಎರಡೂವರೆ ತಿಂಗಳಿಗೆ ಹೂ. ಸೆಪ್ಟೆಂಬರ್‌ನಲ್ಲಿ ಎಲ್ಲರ ಅಂಗಳವೂ ಬೋಳು, ಏಕೆಂದರೆ ಜುಲೈ ಮಳೆಯಲ್ಲಿ ಯಾರೂ ಬಿತ್ತುವುದಿಲ್ಲ. ನವೆಂಬರ್‌ನಿಂದ ಗೋರಟೆ, ಸೇವಂತಿಗೆ, ಸಾಲ್ವಿಯ. ಪ್ರವಾಸಿಗರು ಕಿಕ್ಕಿರಿಯುವ ಕ್ರಿಸ್‌ಮಸ್ ವಾರಕ್ಕೆ ಪೆಟೂನಿಯ, ಡಯಾಂಥಸ್, ಫ್ಲಾಕ್ಸ್ ಬೇಕೆಂದರೆ ಸೆಪ್ಟೆಂಬರ್ ಕೊನೆಯೊಳಗೆ ಬಿತ್ತಿರಬೇಕು. ಪೆಟೂನಿಯ ಬೀಜ ಧೂಳಿನಂತಿರುತ್ತದೆ. ಒಂದು ಚಮಚ ಒಣ ಸಣ್ಣ ಮರಳಿನ ಜೊತೆ ಬೆರೆಸಿ ಉದುರಿಸಿ, ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ನೀರನ್ನು ಮೇಲಿಂದ ಚಿಮುಕಿಸದೆ ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ಹೀರಿಸಿ. ಸಸಿ ಬುಡದಲ್ಲಿ ನೂಲಿನಂತಾಗಿ ಮಲಗಿದರೆ ಅದು ಬುಡ ಕೊಳೆ ರೋಗ. ಒತ್ತಾಗಿ ಬಿತ್ತಿ, ಸಂಜೆ ನೀರು ಹಾಕಿದವರಿಗೆ ಖಾತ್ರಿ. ಫೆಬ್ರವರಿಯಿಂದ ಪೋರ್ಚುಲಕ, ಸದಾಪುಷ್ಪ, ಮಲ್ಲಿಗೆ. ಏಪ್ರಿಲ್ ಕೊನೆಯ ಹೊತ್ತಿಗೆ ಮಳೆ ಬಿದ್ದ ಮೇಲೆ ಕೆಂಪು ಚೆಂಡಿನ ಮೇ ಫ್ಲವರ್ ತಾನಾಗಿ ಏಳುತ್ತದೆ, ಗಡ್ಡೆಯ ಕುಂಡವನ್ನು ಅಲ್ಲಿಯವರೆಗೆ ಹಿತ್ತಿಲಲ್ಲಿ ಒಣಗಲು ಬಿಡಿ.

ಮಾಲಿಗೆ ಕಾಫಿ ಸಿಪ್ಪೆಯನ್ನು ಹಸಿಯಾಗಿ ಕುಂಡಕ್ಕೆ ಹಾಕಬೇಡವೆಂದು ಹೇಳಿ. ಅದು ಕೊಳೆಯುವಾಗ ಬಿಸಿಯೇರಿ ಎಳೆ ಬೇರು ಸುಡುತ್ತದೆ. ಸಗಣಿಯ ಜೊತೆ ಪದರ ಪದರವಾಗಿ ಹಾಕಿ, ಆರು ತಿಂಗಳು ಕಳೆದು, ಮಣ್ಣಿನ ವಾಸನೆ ಬಂದ ಮೇಲೆ ಬಳಸಿ.

ಹೊಸ ಮಣ್ಣಿನ ಕುಂಡಕ್ಕೆ ಮಜ್ಜಿಗೆ ಬಳಿದರೆ ಪಾಚಿ ಬಂದು ಹಳೆಯದಾಗಿ ಕಾಣುತ್ತದಂತೆ, ನಿಜವೇ? – ಬೇಲೂರು

ಬರುತ್ತದೆ, ಇರುವೆಯೂ ಬರುತ್ತದೆ. ನೆರಳಲ್ಲಿಟ್ಟು ಒಂದು ಮಳೆಗಾಲ ಬಿಟ್ಟರೆ ಮಜ್ಜಿಗೆಯ ಖರ್ಚಿಲ್ಲದೆ ಅದೇ ಪಾಚಿ. ಕುಂಡದ ಹೊರಮೈಗೆ ಎನಾಮೆಲ್ ಬಳಿಯಬೇಡಿ, ಮಣ್ಣಿನ ಕುಂಡ ಉಸಿರಾಡುವುದು ನಿಲ್ಲುತ್ತದೆ. ಕೆಮ್ಮಣ್ಣು, ಸುಣ್ಣ ಆಗಬಹುದು. ನಡೆದಾಡುವ ಹಾದಿಯ ಹೆಂಚು, ಕಲ್ಲಿನ ಮೇಲೆ ಪಾಚಿ ಬಿಡಬೇಡಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆಯಿರಿ. ತೊಳೆದ ನೀರು ಪಾತಿಗೆ ಹರಿಯದಂತೆ ನೋಡಿಕೊಳ್ಳಿ.

ಮುರಿದುಬಿದ್ದ ಹಲಸಿನ ಕೊಂಬೆಯಲ್ಲಿ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಇದೆ. ಹಳೆ ಮರದ ಮರಿಗೆಗೆ ಮಣ್ಣು ತುಂಬಿ ನೆಡಬಹುದೇ? – ಕಳಸ

ಮಣ್ಣು ಬೇಡವೇ ಬೇಡ, ಬೇರು ಕೊಳೆಯುತ್ತದೆ. ಆ ಬೇರಿಗೆ ಗಾಳಿ ತಾಗಬೇಕು. ಕೊಂಬೆ ಸಮೇತ ಎರಡಡಿ ಉದ್ದಕ್ಕೆ ಕತ್ತರಿಸಿ, ಮರಿಗೆಯ ಹೊರಗೆ, ಬೆಳಗಿನ ಬಿಸಿಲು ಮಾತ್ರ ಬೀಳುವ ತೊಲೆಗೆ ತೂಗುಹಾಕಿ. ಅಥವಾ ತೊಗಟೆ ಒರಟಾಗಿರುವ ಜೀವಂತ ಮರಕ್ಕೆ ಬೇರು ತಾಗುವಂತೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ, ತಂತಿ ಬೇಡ. ಬೇರು ಮರ ಹಿಡಿಯುವವರೆಗೆ ದಿನಕ್ಕೊಮ್ಮೆ ನೀರು ಚಿಮುಕಿಸಿ. ಕಾಡಿನ ಮರದಿಂದ ಕಿತ್ತು ತರುವುದು ಮಾತ್ರ ಸಲ್ಲದು, ನಿಮ್ಮದು ಬಿದ್ದ ಕೊಂಬೆ, ಅಡ್ಡಿಯಿಲ್ಲ. ಮರಿಗೆಗೆ ಜರಿಗಿಡ ನೆಡಿ. ತಳಕ್ಕೆ ತೂತು, ಒಳಗೆ ಗೋಣಿಯ ಬದಲು ಪ್ಲಾಸ್ಟಿಕ್ ಹಾಸು ಇರಲಿ, ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಮರ ಮೆತ್ತಗಾಗುತ್ತದೆ.